ಕಪಾಟು ಕೊಯ್ದವನ ಲೆಕ್ಕ

ಪ್ರಾಂಶುಪಾಲರು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದರು:
ಇಲ್ಲಿಂದ ಅಲ್ಲಿಯವರೆಗೆ ಕಪಾಟು ಬೇಡ, ಮೇಜು ಬೇಕು.
ಮೂರಡಿ ಅಗಲ, ನಿಂತು ಕೆಲಸ ಮಾಡುವಷ್ಟು ಎತ್ತರ,
ಪ್ರತಿ ಮೇಜಿಗೂ ವೈರು ತೂರಲು ಒಂದು ತೂತು.
"ಆಗುತ್ತಾ, ಒಕುಮು?"

ಆಗದೆ ಏನು, ನಾನು ಬಡಗಿ.
ಆದರೆ ಆ ಕಪಾಟುಗಳನ್ನು ಮಾಡಿದವನು ಅಪ್ಪ.
ಹಲಗೆಯ ಇನ್ನೊಂದು ತುದಿ ಹಿಡಿದು ನಿಂತವನು ನಾನು,
ಹನ್ನೊಂದು ವರ್ಷದವನು,
ಕೈ ನಡುಗಿದಾಗೆಲ್ಲ ಬೈಸಿಕೊಂಡವನು.
ಮ್ವುಲೆ ಮರ. ಗೆದ್ದಲು ಮೂಸಿ ನೋಡಿ ವಾಪಸಾಗುವ ಮರ.
ನಲವತ್ತೆರಡು ವರ್ಷ ಪುಸ್ತಕ ಹೊತ್ತು
ಒಂದು ನೂಲಿನಷ್ಟೂ ಬಾಗಿರಲಿಲ್ಲ.

ಗ್ರಂಥಪಾಲಕಿ ಪರ್ಪೆಚುವಾ ನನ್ನ ಶಾಲೆಯ ಓರಗೆಯವಳು.
ಆ ವಾರವಿಡೀ ನನ್ನ ಜೊತೆ ಮಾತು ಬಿಟ್ಟಳು.
ಪುಸ್ತಕಗಳನ್ನು ಯಾರ ಕೈಗೂ ಕೊಡದೆ ತಾನೇ ಇಳಿಸಿದಳು,
ಹಸುಗೂಸಿನ ಕತ್ತಿಗೆ ಕೈ ಕೊಟ್ಟಂತೆ
ಬೆನ್ನಿಗೆ ಕೈ ಕೊಟ್ಟು.
ಅರ್ಧ ಗೋಡೆಗೆ ಹೊಂದಿಕೊಂಡವು,
ಅರ್ಧ ಮೆಟ್ಟಿಲ ಕೆಳಗಿನ ಕತ್ತಲಿಗೆ.
ಗರಗಸ ಇಡುವ ಬೆಳಿಗ್ಗೆ ಬಂದು ನಿಂತಳು.
"ಅಡ್ಡ ಕೊಯ್ಯಬೇಡ," ಅಂದಳು, "ಉದ್ದಕ್ಕೆ ಕೊಯ್ಯಿ.
ಮಕ್ಕಳಿಗೆ ಎಳೆ ಕಾಣಲಿ."

ಕೊಯ್ದೆ.
ಹೊರಗೆ ಕಪ್ಪಾದ ಮರ ಒಳಗೆ ಇನ್ನೂ ಜೇನು.
ಓದುವ ಕೋಣೆಯಲ್ಲಿ ಅಷ್ಟು ದೊಡ್ಡ ಸದ್ದು ಅದೇ ಮೊದಲು.
'ಮೌನ' ಎಂದಿದ್ದ ಹಲಗೆಯನ್ನು ಏನು ಮಾಡಲಿ ಅಂತ
ಯಾರೂ ಹೇಳಲಿಲ್ಲ;
ಈಗ ಬೆಸುಗೆ ಕಡ್ಡಿಯ ಕೆಳಗಿದೆ, ಮೈತುಂಬ ಸುಟ್ಟ ಕಲೆ.

ಕಾರ್ಡು ಪೆಟ್ಟಿಗೆಯನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ.
ಎಪ್ಪತ್ತೆರಡು ಡ್ರಾಯರು, ಹಿತ್ತಾಳೆ ಹಿಡಿ.
ಒಳಗೀಗ ಸ್ಕ್ರೂ, ವೈರು, ಗೋಲಿಯಷ್ಟು ಮೋಟರು,
ಹೊರಗೆ ಅವಳ ಕೈಬರಹದಲ್ಲಿ ಹಳೆಯ ಸಂಖ್ಯೆಗಳೇ.
ಬೆಸುಗೆ ಕಡ್ಡಿ ಬೇಕೇ? ಆರುನೂರ ಎಪ್ಪತ್ತೊಂದು.
ಸೂಜಿ, ದಾರ? ಏಳುನೂರ ನಲವತ್ತಾರು.
ಹುಡುಗರು ನಗುತ್ತಾರೆ, ಆಮೇಲೆ ಹಾಗೇ ಹುಡುಕುತ್ತಾರೆ.
ಇಕ್ಕಳ ಸಿಗದೆ ಪ್ರಾಂಶುಪಾಲರೂ ಒಮ್ಮೆ
ಅವಳ ಮುಂದೆ ನಿಂತರು. ಅವಳು ಬೆರಳಲ್ಲೇ ತೋರಿಸಿದಳು,
ತಲೆ ಎತ್ತಲಿಲ್ಲ.

ಒಂದು ದಿನ ಕಿಸುಮುವಿನ ದಂಡೆಯಿಂದ ಒಬ್ಬಾಕೆ ಬಂದಳು,
ಮೀನಿನ ಬುಟ್ಟಿಯಲ್ಲಿ ದೋಣಿಯ ಮುರಿದ ಚಕ್ರ.
ಅಂತರಗಂಗೆಯ ಬೇರಿಗೆ ಸಿಕ್ಕಿ
ಮೂರು ರೆಕ್ಕೆಯಲ್ಲಿ ಒಂದು ಹೋಗಿತ್ತು.
ಎರಡನೇ ವರ್ಷದ ನೆರಿಮಾ ಉಳಿದೆರಡನ್ನು ಅಳೆದಳು,
ಪರದೆಯ ಮೇಲೆ ಮೂರನೆಯದನ್ನು ಬರೆದಳು.
ಯಂತ್ರ ರಾತ್ರಿಯಿಡೀ ಜೇಡದ ಹಾಗೆ ಪ್ಲಾಸ್ಟಿಕ್ಕಿನ ನೂಲು ಬಿಟ್ಟು
ಬೆಳಿಗ್ಗೆ ಹಸಿರು ಚಕ್ರ ಕೊಟ್ಟಿತು.
ಸರೋವರದಲ್ಲಿ ಅದು ಕಾಲು ಗಂಟೆ ಬಾಳಿತು.

ಆಗ ಪರ್ಪೆಚುವಾ ಟಾರ್ಚು ಹಿಡಿದು ಮೆಟ್ಟಿಲ ಕೆಳಗೆ ಹೋದಳು.
ಬಂದಾಗ ತಲೆಯಲ್ಲಿ ಜೇಡರ ಬಲೆ,
ಕೈಯಲ್ಲಿ ರಟ್ಟು ಕಿತ್ತ ಒಂದು ಪುಸ್ತಕ.
ಕೊನೆಯ ಪುಟಗಳಲ್ಲಿ ರೆಕ್ಕೆಯ ಓರೆಯ ಕೋಷ್ಟಕ.
"ಇನ್ನೊಂದು ಮಾಡು," ಅಂದಳು ನೆರಿಮಾಗೆ.
ಇನ್ನೊಂದರ ಅಂಚನ್ನು ನಾನು ಅರದಿಂದ ತಿದ್ದಿದೆ.
ಅದನ್ನು ಮರಳಲ್ಲಿ ಒತ್ತಿ
ಬಿಸಿಲ ಸಾಲಿನ ಎರಕದವರು ಅಚ್ಚು ಹೊಯ್ದರು,
ತಳ ತೂತಾದ ಪಾತ್ರೆಗಳನ್ನು ಕರಗಿಸಿ.

ಆ ಹೆಂಗಸು ಮತ್ತೆ ಬಂದಿಲ್ಲ.
ಓಡುತ್ತಿದೆ ಅಂತಲೇ ಅರ್ಥ,
ಇಲ್ಲದಿದ್ದರೆ ಸುಮ್ಮನಿರುವವಳಲ್ಲ.

ನಿನ್ನೆ ಬಿದ್ದ ಸ್ಕ್ರೂ ಹುಡುಕುತ್ತ ನೆರಿಮಾ
ಮೂರನೇ ಮೇಜಿನ ಅಡಿಗೆ ತೂರಿದಳು.
ಅಲ್ಲಿಂದಲೇ ಕೂಗಿದಳು:
"ಇದ್ಯಾರದು ಪೆನ್ಸಿಲ್ಲಿನ ಲೆಕ್ಕ? ತಪ್ಪಾಗಿದೆ.
ಏಳು ನೂಲು, ಎಂಟು ನೂಲು, ಕೂಡಿದರೆ ಹದಿನಾರು ಅಂತೆ!"

ಅಪ್ಪನದು, ಅಂದೆ. ತಪ್ಪಿಲ್ಲ ಮಗಳೆ.
ಆ ಒಂದು, ಗರಗಸ ತಿನ್ನುವುದು.