ಕ್ಯಾಲೆಂಡರಿನ ಬೆನ್ನಿಗೆ

ಮಾತೆಯ ಹಬ್ಬ ಮುಗಿದ ಮರುದಿನವೇ, ಆಗಸ್ಟ್ ಹದಿನಾರಕ್ಕೆ,
ಹೋದ ವರ್ಷದ ಕ್ಯಾಲೆಂಡರ್ ಬೋರಲು ಹಾಕಿ
ಅದರ ಬಿಳಿ ಬೆನ್ನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಲು ಕೂತೆ.
ಮೈದುನ ಸವರಪ್ಪ ನಕ್ಕ:
"ವೈನಿ, ಗಣಪತಿನs ಇನ್ನೂ ಕೂತಿಲ್ಲ,
ನೀ ಆಗಲೇ ಗೋದಲಿ ಕಟ್ಟಾಕತ್ತೀಯಲ್ಲ."

ನಗಲಿ.
ಹೋದ ಸಲ ಇಪ್ಪತ್ನಾಲ್ಕರ ರಾತ್ರಿ
ಮುದಗಲ್ಲಿನ ಚರ್ಚಿನ ಗಂಟೆ ಬಾರಿಸಿದಾಗ
ನನ್ನ ಕೈ ಇನ್ನೂ ಕಣಕದಲ್ಲಿತ್ತು,
ಕರ್ಚಿಕಾಯಿ ಎಣ್ಣೆಯಲ್ಲಿ ಬಾಯಿ ಬಿಟ್ಟು ಹೂರಣ ಕಪ್ಪಾಗಿತ್ತು,
ಮಗಳ ಅಂಗಿಗೆ ಗುಂಡಿ ಇರಲಿಲ್ಲ.
ನೆಗೆಣ್ಣಿ ಫಿಲೋಮಿನಾ ಒಂದು ಮಾತು ಅಂದಳು.
ನಾನು ಮೂರು ಅಂದೆ.
ಪೂಜೆಯಲ್ಲಿ ಫಾದರ್ "ಪರಸ್ಪರ ಶಾಂತಿ ಹಂಚಿಕೊಳ್ಳಿ" ಎಂದಾಗ
ಇಬ್ಬರೂ ಬೇರೆ ಬೇರೆ ಕಡೆ ತಿರುಗಿ
ಗೊತ್ತಿಲ್ಲದವರಿಗೆ ಕೈ ಮುಗಿದೆವು.
ಸಂಕ್ರಾಂತಿ ಬಂದು ಹೋದರೂ ಮಾತಿಲ್ಲ.

ಅದಕ್ಕೆ ಈ ಪಟ್ಟಿ.

ಮೊದಲು ಗಂಡನ ಪಾಳಿ.
ಹಟ್ಟಿಯ ಗಣಿಗೆ ಕ್ರಿಸ್ತ ಹುಟ್ಟಿದ ರಾತ್ರಿಯೂ ಒಂದೇ, ಅಮಾಸಿಯೂ ಒಂದೇ,
ನೆಲದೊಳಗೆ ಎಲ್ಲ ದಿನವೂ ಕತ್ತಲೆ.
ಮೊಹರಮ್ಮಿಗೆ ಲಾಲೇಸಾಬನ ಪಾಳಿಗೆ ಇವರು ಇಳಿದಿದ್ದರು,
ಅವನು ಇಲ್ಲಿ ಅಲಾಯಿ ಕುಣಿಯುತ್ತಿದ್ದ.
ಆ ಸಾಲ ಡಿಸೆಂಬರಿಗೆ ತೀರಲಿ ಎಂದು ಬರೆದೆ.

ಪ್ಯಾರಿಬೀಗೆ ಬಟ್ಟೆ: ಅಕ್ಟೋಬರ್ ಒಂದಕ್ಕೆ.
ನವೆಂಬರಿಗೆ ಬೇಕು ಅನ್ನಬೇಕು, ಅವಳ ನವೆಂಬರ್ ಡಿಸೆಂಬರಿನಲ್ಲಿ ಬರುತ್ತದೆ.
ಕೊಬ್ಬರಿ, ಪುಟಾಣಿ, ಎಳ್ಳು: ವಾರಕ್ಕೆ ಪಾವು ಕಿಲೋ,
ಡಬ್ಬಿಯ ಮೇಲೆ "ಮೆಂತೆ" ಎಂಬ ಚೀಟಿ, ಹುಡುಗರು ಮುಟ್ಟದಂತೆ.
ನಳ ಎಂಟು ದಿನಕ್ಕೊಮ್ಮೆ. ಎಣಿಸಿದರೆ ಇಪ್ಪತ್ಮೂರಕ್ಕೆ ಬೀಳುತ್ತದೆ,
ಬೀಳದಿದ್ದರೆ ಟ್ಯಾಂಕರ್ ಬಸಣ್ಣನ ನಂಬರು.
ಮಟನ್: ಮುಂಗಡ ಐನೂರು. ಹಿಂದಿನ ತೊಡೆ, ಖಡಕ್ಕಾಗಿ ಹೇಳುವುದು.
ಕೊನೆಗೆ, ಪೆನ್ಸಿಲ್ ಕಚ್ಚಿ ಬಹಳ ಹೊತ್ತು ಕೂತು, ಬರೆದೆ:
ಜಗಳ. ಆಗಮನ ಕಾಲದ ಎರಡನೇ ಭಾನುವಾರ, ಊಟದ ಮೇಲೆ.

ಆ ಭಾನುವಾರ ಕರೆದೆ, ಫಿಲೋಮಿನಾ ಬಂದಳು.
ಊಟ ಆಯಿತು. ಎಲೆ ಅಡಿಕೆ ಆಯಿತು.
"ಆ ತಾಮ್ರದ ಹಂಡೆ ನಿನಗ ಹೋತಲ್ಲ, ಅದs ನನಗ ಉರಿ" ಎಂದಳು.
"ಅದು ಸೋರತೈತಿ" ಎಂದೆ.
"ಸೋರತೈತಾ?"
"ಮೂರು ವರ್ಷ ಆತು."
ಅವಳು ನಗು ಸುರು ಮಾಡಿ ಅಳು ಮುಗಿಸುವಷ್ಟರಲ್ಲಿ
ಚಹಾ ಉಕ್ಕಿ ಒಲೆ ಆರಿತ್ತು.

ಅತ್ತೆ ಮಾತ್ರ ಒಪ್ಪಲಿಲ್ಲ.
ಇಪ್ಪತ್ತಕ್ಕೇ ತುಂಬಿದ ಕರ್ಚಿಕಾಯಿ ಡಬ್ಬಿ ನೋಡಿ ಮುಖ ತಿರುವಿದರು:
"ಓಡ್ಯಾಡದ ಹಬ್ಬ ಹಬ್ಬೇನ? ಬೆತ್ಲೆಹೇಮಿನ್ಯಾಗ ಆ ತಾಯಿಗೆ
ಯಾರು ಮೊದಲs ಖೋಲಿ ಹಿಡಿದಿಟ್ಟಿದ್ರು?"
ಇದಕ್ಕೆ ಪಟ್ಟಿಯಲ್ಲಿ ಉತ್ತರ ಇರಲಿಲ್ಲ.

ಇಪ್ಪತ್ನಾಲ್ಕು. ಸಂಜೆ ಐದು.
ನಳ ಬಂದಿತ್ತು, ಒಂದು ದಿನ ತಡವಾಗಿ, ಬಸಣ್ಣನಿಗೆ ದುಡ್ಡು ಕೊಟ್ಟ ಮೇಲೆ.
ನಕ್ಷತ್ರ ಉರಿಯುತ್ತಿತ್ತು. ಅಂಗಿಗೆ ಗುಂಡಿ ಇತ್ತು.
ಇವರು ಕನ್ನಡಿಯ ಮುಂದೆ ಮೀಸೆ ಕತ್ತರಿಸುತ್ತ, ಮನೆಯಲ್ಲೇ.
ಮಾಡಲು ಏನೂ ಉಳಿದಿರಲಿಲ್ಲ,
ಅದಕ್ಕೆ ನಾನು ತಯಾರಾಗಿರಲಿಲ್ಲ.

ಅತ್ತೆ ಅಡಿಗೆಮನೆಗೆ ಎರಡು ಸಲ ಹೋಗಿ ಬಂದರು,
ಒರೆಸಿದ ಕಟ್ಟೆಯನ್ನೇ ಒರೆಸಿದರು,
ಆಮೇಲೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು
ಕೈ ಎಲ್ಲಿಡಬೇಕು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡರು.
ಎದುರಿಗೆ ಕೋಟೆ. ಕಲ್ಲಿನ ಮೇಲೆ ಇಳಿಬಿಸಿಲು.

"ಈ ಗ್ವಾಡಿ ದಿನಾ ಹಿಂಗ ಕೆಂಪಾಗತೈತೇನ?"
"ದಿನಾ ಆಗತಿರಬೇಕು, ಅತ್ತಿ."
"ಐವತ್ತೊಂದು ವರ್ಷ ಆತು ನಾ ಈ ಮನಿಗೆ ಬಂದು."
ಮತ್ತೇನೂ ಹೇಳಲಿಲ್ಲ.
ಕೆಂಪು ಮೆಲ್ಲಗೆ ಬೂದಿಗೆ ತಿರುಗಿತು.

"ಮುಂದಿನ ವರ್ಷ ಇದನ್ನೂ ಬರಕೋ" ಎಂದರು.
ಪೆನ್ಸಿಲ್ ಒಳಗಿತ್ತು, ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದೆ.
ಏಳಬೇಕಿತ್ತು.
ಏಳಲಿಲ್ಲ.