ಕೂಡ್ಲಿ ಇಳಿಯೋರು

ಇಪ್ಪತ್ತಾರು ವರ್ಷ ನಾನು ಕಂಡಕ್ಟರು,
ಶಿವಮೊಗ್ಗ–ಹೊಳೆಹೊನ್ನೂರು, ದಿನಕ್ಕೆ ಆರು ಟ್ರಿಪ್ಪು.
ಕ್ರಾಸು ಬಂದಾಗೆಲ್ಲ ಬಾಗಿಲಿಗೆ ಜೋತು ಕೂಗಿದ್ದೇನೆ,
'ಯಾರ್ರೀ, ಕೂಡ್ಲಿ ಇಳಿಯೋರು?'
ಇಳಿದವರ ಲೆಕ್ಕ ಟ್ರಿಪ್ ಶೀಟಿನಲ್ಲಿತ್ತು.
ನಾನು ಇಳಿದಿರಲಿಲ್ಲ.

ಪ್ರೆಸಿಲ್ಲಾ ಟೀಚರ ಮೊಣಕಾಲು ಕೈಕೊಟ್ಟಿತ್ತು.
(ಮೊಣಕಾಲು ಹೇಗ್ರೀ ಕೈಕೊಡುತ್ತೆ, ಅಂತ ಅವರೇ ನಕ್ಕರು.)
ಹಾಗಾಗಿ ಅವರ ಜರ್ಮನಿ ಗೆಳತಿಗೆ ಊರು ತೋರಿಸುವ ಕೆಲಸ
ಪಕ್ಕದ ಮನೆಯ ಹಾಲೇಶಪ್ಪನ ಪಾಲಿಗೆ ಬಂತು.
ಹೆಸರು ಗುಡ್ರುನ್. ನನ್ನ ನಾಲಿಗೆಗೆ ಗುಂಡ್ರಮ್ಮ.
ಅರವತ್ತೆಂಟು ವಯಸ್ಸು, ಹೆಗಲಿಗೊಂದು ಬಟ್ಟೆ ಚೀಲ,
ಅವರ ಹತ್ತಿಪ್ಪತ್ತು ಕನ್ನಡ, ನನ್ನ ಹತ್ತಿಪ್ಪತ್ತು ಇಂಗ್ಲಿಷು.
ಚಿಲ್ಲರೆ ಅಷ್ಟೇ ಇದ್ದರೂ ದಿನ ಸಾಗಿತು.

ಅರಮನೆಯಲ್ಲಿ ಮರದ ಕಂಬ ತಟ್ಟಿ ಕಿವಿಗೊಟ್ಟರು,
ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ.
'ಇದು ಹಳೆಯದಾ? ನಿಜವಾಗಿ ಹಳೆಯದಾ?'
ಅವರ ಊರು ಯುದ್ಧದಲ್ಲಿ ಸುಟ್ಟುಹೋಗಿತ್ತಂತೆ.
ಫೋಟೋ ನೋಡಿ, ಬದುಕಿದ್ದವರ ಕೇಳಿ, ಕಲ್ಲಿಗೆ ಕಲ್ಲು ಹೊಂದಿಸಿ
ಹಳೆಯದನ್ನೇ ಹೊಸದಾಗಿ ಕಟ್ಟಿದರಂತೆ.
'ನಮ್ಮ ಹಳೇ ಪೇಟೆಗಿಂತ ನಾನೇ ದೊಡ್ಡವಳು' ಅಂದರು.

ಅಂಗಳದ ವೀರಗಲ್ಲಿನ ಮುಂದೆ ತುಂಬ ಹೊತ್ತು ನಿಂತರು.
ಕೆಳಗೆ ದನ, ಬಿಲ್ಲು; ನಡುವೆ ಎತ್ತಿಕೊಂಡು ಹೋಗುವ ಅಪ್ಸರೆಯರು;
ಮೇಲೆ ಲಿಂಗದೆದುರು ಕೂತ ಅದೇ ಮನುಷ್ಯ.
'ಹೆಸರು?' ಅಂದರು.
ಬಗ್ಗಿ ಹುಡುಕಿದೆ.
ದನದ ಗಂಗೆದೊಗಲು ಕೂಡ ಹಾಗೇ ಇತ್ತು. ಹೆಸರು ಸವೆದಿತ್ತು.

ಹೊಳೆಯ ಸೇತುವೆಯಿಂದ ಕೋರ್ಪಲಯ್ಯನ ಮಂಟಪ ತೋರಿಸಿದೆ.
ಅದು ಮುಳುಗಿತು ಅಂದರೆ ಊರಿಗೆ ಊರೇ
ಕೊಡೆ ಹಿಡಿದು ಇಲ್ಲಿ ಬಂದು ನಿಲ್ಲುತ್ತೆ,
ಹೊಳೆಯಮ್ಮನ ಮನೆ ಮದುವೆ ಅನ್ನೋ ಹಾಗೆ.
ಅವರು ಚೀಲ ಕೆಳಗಿಟ್ಟು
ಮೊಣಕಾಲಿಗೊಂದು, ಎದೆಗೊಂದು, ತಲೆಯ ಮೇಲೊಂದು
ಗಾಳಿಯಲ್ಲಿ ಗೆರೆ ಎಳೆದರು.
ಅಲ್ಲಿ ಗೋಡೆಗಳ ಮೇಲೆ ನೆರೆ ಬಂದ ವರ್ಷ ಕೆತ್ತಿರುತ್ತಾರಂತೆ,
ಮಕ್ಕಳು ಪಕ್ಕ ನಿಂತು
ತಾವೆಷ್ಟು ಬೆಳೆದೆವು ಅಂತ ಅಳೆದುಕೊಳ್ಳುತ್ತಾರಂತೆ.

ಮಧ್ಯಾಹ್ನ ನನ್ನದೇ ರೂಟಿನ ಬಸ್ಸಿಗೆ ಎರಡು ಟಿಕೇಟು ಕೊಂಡೆ.
ಹೊಸ ಹುಡುಗ, ಗುರುತು ಹಿಡಿಯಲಿಲ್ಲ.
ಕ್ರಾಸಿನಲ್ಲಿ ಅವನು ಕೂಗಿದಾಗ
ನನ್ನ ಗಂಟಲೂ ಒಳಗೊಳಗೇ ಅಲುಗಿತು.
ಇಳಿದೆ.

ಎಡಕ್ಕೆ ತುಂಗೆ, ಬಲಕ್ಕೆ ಭದ್ರೆ.
'ತುಂಗಾ ಪಾನ' ಅಂತ ಶುರು ಮಾಡಿದ್ದೆನಷ್ಟೆ,
ಕುದಿಸಿ ಕುಡೀಬೇಕು ಅನ್ನುವುದರೊಳಗೆ
ಒಂದು ಬೊಗಸೆ ಕುಡಿದೇಬಿಟ್ಟರು.
ಅವರ ಊರು ಕೊಬ್ಲೆಂಝ್. ಯಾವುದೋ ಹಳೇ ಭಾಷೆಯಲ್ಲಿ
ಅದಕ್ಕೂ ಕೂಡ್ಲಿ ಅಂತಲೇ ಅರ್ಥವಂತೆ!
ಎರಡು ನದಿ ಕೂಡುವ ಮೂಲೆಯಲ್ಲಿ
ಆಕಾಶಕ್ಕೆ ಕುದುರೆ ಏರಿದ ದೊರೆ.
ಇಲ್ಲಿ ಮಂಡಿಯೆತ್ತರದ ಒಂದು ನಂದಿ,
ಬೆನ್ನ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು.

'ಇಲ್ಲಿಂದ ಮುಂದೆ ಹೊಳೆಯ ಹೆಸರೇನು?'
'ತುಂಗಭದ್ರಾ.'
'ಎರಡೂ?'
'ಎರಡೂ.'
ಅವರು ಮೆಟ್ಟಿಲ ಮೇಲೆ ಕೂತರು.
'ನಮ್ಮಲ್ಲಿ ಮೊಸೆಲ್ ಅನ್ನೋ ಹೆಸರು ಆ ಮೂಲೆಗೇ ಮುಗಿಯುತ್ತೆ.
ಮುಂದೆ ಸಮುದ್ರದ ತನಕ ಬರೀ ರೈನ್.'
ಆಮೇಲೆ ಬಸ್ಸು ಬರುವವರೆಗೂ ಇಬ್ಬರೂ ಮಾತಾಡಲಿಲ್ಲ.

ಮನೇಲಿ ಆಗಲೇ ಒಬ್ಬಳು ಗುತ್ಯಮ್ಮ ಇದ್ದಾಳೆ,
ಕರೆದರೆ ಇಬ್ಬರೂ ಓ ಅಂತಾರೆ, ಅಂದಿದ್ದಳು ಅವ್ವ.
ಮದುವೆ ದಿನ ಅಕ್ಕಿ ತಟ್ಟೆಯಲ್ಲಿ
'ಸುವರ್ಣ' ಅಂತ ಬೆರಳಾಡಿಸಿದವನು ನಾನೇ.
ಸೊಟ್ಟ ಅಕ್ಷರ. ಎಲ್ಲರೂ ನಕ್ಕಿದ್ದರು.
ಅದೇ ಅಕ್ಕಿ ಮರುದಿನ ಅನ್ನವಾಯಿತು.
ಮೂವತ್ತೊಂಬತ್ತು ವರ್ಷ.

ರಾತ್ರಿ ಚಪ್ಪಲಿ ಬಿಡುತ್ತ, ಸುಮ್ಮನೆ, ಮೆಲ್ಲಗೆ,
'ಗುತ್ಯಮ್ಮಾ' ಅಂದೆ.
ಒಳಗೆ ಸೌಟಿನ ಸದ್ದು ನಿಂತಿತು.
ಬೆಳ್ಳುಳ್ಳಿ ಸೀದ ವಾಸನೆ.
'ಯಾರ್ರೀ ಬಂದಿರೋದು?' ಅಂದಳು.