ಹನ್ನೆರಡನೆಯ ತಲೆ

ಅಮಾಸಿ ರಾತ್ರಿ ಕೃಷ್ಣೆಯ ನಡುಮಡುವಿನಲ್ಲಿ
ಒಂದು ತೊಗಲ ಹರಿಗೋಲು ತಿರುಗುತ್ತದೆ.
ಹುಟ್ಟಿನ ಸಪ್ಪಳವಿಲ್ಲ, ಕಂದೀಲಿಲ್ಲ,
ಬರೀ ಎಣಿಕೆ:
ಒಂದು, ಎರಡು, ಮೂರು...
ಹನ್ನೊಂದಕ್ಕೆ ನಿಲ್ಲುತ್ತದೆ.
ಮತ್ತೆ ಮೊದಲಿನಿಂದ.

ನಮ್ಮ ನಡುಗಡ್ಡೆಯಲ್ಲಿ ಹಸುಗೂಸಿಗೂ ಗೊತ್ತು:
ಹೊಳೆ ಕಡೆಯಿಂದ ಹೆಸರು ಹಿಡಿದು ಕರೆದರೆ
ಮೂರನೇ ಕೂಗಿನ ತನಕ ಓಗೊಡಬಾರದು.
ಸತ್ತವರಿಗೆ ಎರಡೇ ಕೂಗಿನಷ್ಟು ಉಸಿರು.

ಸೋದರತ್ತೆ ತಾಯಮ್ಮನನ್ನು ಮಾತ್ರ
ಹೆಸರು ಹಿಡಿದು ಯಾರೂ ಕೂಗಿಲ್ಲ.
ಅಂಬಿಗರ ಗೂಳಪ್ಪನಿಗೆ ಆಕೆಯ ಹೆಸರೇ ಗೊತ್ತಿರಲಿಲ್ಲ,
ತಲೆ ಎಣಿಸುತ್ತಿದ್ದ, ಅಷ್ಟೆ.
ಆ ಸಂಜೆ ಹನ್ನೆರಡನೆಯವಳಾಗಿ ಕೂತವಳು
ಆಡಿನ ಮರಿ ಕಟ್ಟಿಲ್ಲವೆಂದು ನೆನಪಾಗಿ
ಮೊಣಕಾಲುದ್ದ ನೀರಿಗೆ ಧುಮುಕಿ ಓಡಿದಳು.
ಮರಿ ಸಿಕ್ಕಿತು.
ಹರಿಗೋಲು ಸಿಗಲಿಲ್ಲ.

ರಾಯಚೂರು ಬಸ್ಸು ಹಿಡಿಯಲು ಈಗ ಫೈಬರ್ ಪುಟ್ಟಿ,
ತಲೆಗೆ ಇಪ್ಪತ್ತು ರೂಪಾಯಿ.
ಸೇತುವೆಯ ಕಂಬಗಳು ಹೊಳೆಯಲ್ಲಿ ನಿಂತಿವೆ
ಮೇಲೆ ಏನನ್ನೂ ಹೊರದೆ.
ಅವಕ್ಕೆ ಬಡಿದು ಎಣಿಕೆ
ಎರಡೆರಡು ಸಲ ಕೇಳುತ್ತದಂತೆ, ಬಲೆಯವರ ಮಾತು.

ಅತ್ತೆ ಅಮಾಸಿಗೆ ದಂಡೆಗೆ ಹೋಗುತ್ತಾಳೆ,
ಉಡಿಯಲ್ಲಿ ಒಂದು ಸೇರು ಜೋಳ.
ಆ ವರ್ಷ ಕೊಡದೆ ಉಳಿದ ದಾಟುಗೂಲಿ,
ಎಷ್ಟು ಸಲ ಕೊಟ್ಟರೂ ಅದೇ.
ಹಿಡಿ ಹಿಡಿ ನೀರಿಗೆ ಬಿಡುತ್ತ ಬೈಯುತ್ತಾಳೆ:
"ಗೂಳ್ಯಾ, ಲೆಕ್ಕ ತಪ್ಪಿಲ್ಲ ನಿಂದು.
ಇನ್ನೊಂದೀಟು ನಿಂದ್ರು,
ಆಡು ಈಯಾಕ ಬಂದೈತಿ."

ಕತ್ತಲಲ್ಲಿ ಏನೋ ಒಂದು ಸುತ್ತು ತಿರುಗಿ
ದೂರ ಸರಿದ ಹಾಗೆ.
ಜೋಳಕ್ಕೆ ಮೀನು ಎದ್ದವು, ಚಪ್ ಚಪ್.
ಅತ್ತೆ ಸೆರಗು ಕೊಡವಿ
ಆಡಿನ ಕಡೆಗೆ ನಡೆದಳು.